ಅಣ್ಣನ ಕಾಯಿಲೆ, ತಂಗಿಯ ಪಾಠಗಳು

ಮನೋರೋಗದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ವೈದ್ಯರು, ಇಲ್ಲವೇ ಕಾಯಿಲೆ ಅನುಭವಿಸಿದವರು, ಇಲ್ಲವೇ ಅವರ ತಾಯಂದಿರು. ಒಡಹುಟ್ಟಿದವರು ಬರೆಯುವುದು ಕಡಿಮೆ. ನಮ್ಮ ಪಾತ್ರ ಏನು ಅಂತ ನಮಗೇ ಸರಿಯಾಗಿ ತಿಳಿದಿರುವುದಿಲ್ಲ, ಅದಕ್ಕೇ ಇರಬೇಕು. ಜವಾಬ್ದಾರಿ ನಿನ್ನದು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ದಿನ ಅದು ನಮ್ಮ ತಲೆಯ ಮೇಲೇ ಬರುತ್ತದೆ ಎನ್ನುವುದು ಮಾತ್ರ ಮನೆಯವರಿಗೆಲ್ಲ ಗೊತ್ತಿರುತ್ತದೆ.

ನನ್ನ ಅಣ್ಣನಿಗೆ ಸ್ಕಿಜೋಫ್ರೇನಿಯಾ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಪೀಣ್ಯದ ಫ್ಯಾಕ್ಟರಿಯೊಂದಕ್ಕೆ ಸೇರಿದ್ದವನು 23ನೇ ವಯಸ್ಸಿನಲ್ಲಿ ಕಾಯಿಲೆ ಬಿದ್ದ. ಈಗ ನಲವತ್ತು ದಾಟಿದ್ದಾನೆ. ತಿಪಟೂರು ತಾಲ್ಲೂಕಿನ ನಮ್ಮೂರಲ್ಲಿ ಅಮ್ಮನ ಜೊತೆ ಇದ್ದಾನೆ, ತೆಂಗಿನ ತೋಟ ನೋಡಿಕೊಳ್ಳುತ್ತಾನೆ, ಮಿಕ್ಸಿ, ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ ಮಾಡುತ್ತಾನೆ. ನಾನು ತುಮಕೂರಿನಲ್ಲಿ ಹೈಸ್ಕೂಲ್ ವಿಜ್ಞಾನದ ಟೀಚರ್. ಇದನ್ನು ಬರೆಯಲು ಅವನ ಒಪ್ಪಿಗೆ ಇದೆ. ಪೂರ್ತಿ ಓದಿದ, ತನ್ನ ಬಗ್ಗೆ ಬರೆದದ್ದನ್ನೆಲ್ಲ ಬಿಟ್ಟು, ಸ್ಟಾರ್ಟರ್ ಬಗ್ಗೆ ನಾನು ತಪ್ಪು ಬರೆದಿದ್ದ ಒಂದು ಸಾಲು ತಿದ್ದಿದ.

1. ಹರಕೆಯ ಜೊತೆ ಜಗಳಕ್ಕೆ ನಿಲ್ಲಬೇಡಿ

ಪೀಣ್ಯದಿಂದ ಬ್ಯಾಗ್ ಎತ್ತಿಕೊಂಡು ಬಂದವನು ರಾತ್ರಿಯೆಲ್ಲ ಎದ್ದಿರುತ್ತಿದ್ದ, ಹಗಲು ಬಾಗಿಲು ಹಾಕಿಕೊಂಡಿರುತ್ತಿದ್ದ. ಸ್ನಾನ ಬಿಟ್ಟ. ಒಬ್ಬನೇ ನಗುತ್ತಿದ್ದ. ಅಪ್ಪನ ಪ್ರಕಾರ ಅದು ಸೋಮಾರಿತನ, ದೊಡ್ಡಪ್ಪನ ಪ್ರಕಾರ ಯಾವುದೋ ಹುಡುಗಿ, ಅಮ್ಮನ ಪ್ರಕಾರ ಯಾರೋ ಮಾಡಿಸಿದ್ದಾರೆ. ಬಿ.ಎಸ್ಸಿ. ಓದುತ್ತಿದ್ದ ನಾನು ಮೂವರ ಬಗ್ಗೆಯೂ ಒಳಗೊಳಗೇ ನಗುತ್ತಾ, ‘ಟೆನ್ಷನ್ ಇರಬೇಕು, ತಾನಾಗಿ ಹೋಗುತ್ತೆ’ ಎಂಬ ನನ್ನದೇ ಮೂಢನಂಬಿಕೆಯನ್ನು ಇಟ್ಟುಕೊಂಡಿದ್ದೆ.

ತಾಯತ ಕಟ್ಟಿಸಿದರು, ಗಾಣಗಾಪುರಕ್ಕೆ ಹೋಗಿ ಬಂದರು. ‘ಇದೆಲ್ಲ ಬುರುಡೆ’ ಎಂದು ನಾನು ಕೂಗಾಡಿದಷ್ಟೂ ಅಮ್ಮ ಆಸ್ಪತ್ರೆಯ ಮಾತಿನಿಂದ ದೂರ ಸರಿದಳು. ಚಿಕಿತ್ಸೆಯಿಲ್ಲದೆ ಕಳೆಯುವ ಕಾಲ ಉದ್ದವಾದಷ್ಟೂ ಆಮೇಲೆ ಔಷಧಿಗೆ ಒಗ್ಗುವುದು ನಿಧಾನ ಎಂಬುದು ನಮಗೆ ಆಗ ತಿಳಿದಿರಲಿಲ್ಲ. ಆ ಕಾಲದ ಒಂದು ಪಾಲು ನನ್ನ ಜಗಳಕ್ಕೆ ಹೋಯಿತು.

ಒಂದು ವಿಷಯದಲ್ಲಿ ಮಾತ್ರ ಅಮ್ಮ ನನಗಿಂತ ಗಟ್ಟಿ. ನೆಂಟರೊಬ್ಬರು, ಇಂಥವರನ್ನು ಕಟ್ಟಿಹಾಕಿ ನೋಡಿಕೊಳ್ಳುವ ಜಾಗವೊಂದಿದೆ, ಬಿಟ್ಟು ಬನ್ನಿ ಎಂದರು. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯ ಇಂಥದೇ ಒಂದು ಜಾಗಕ್ಕೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದರಿಂದ ಓಡಲಾಗದೆ 28 ಮಂದಿ ಸತ್ತ ಸುದ್ದಿ ಅಮ್ಮನ ತಲೆಯಲ್ಲಿ ಕೂತಿತ್ತು. ಆ ನೆಂಟರಿಗೆ ಆ ದಿನ ಕಾಫಿಯೂ ಸಿಗಲಿಲ್ಲ.

ಕೊನೆಗೆ ದಾರಿ ಮಾಡಿಕೊಟ್ಟವರು ನಮ್ಮೂರ ದೇವಸ್ಥಾನದ ಅರ್ಚಕರು. ‘ಹರಕೆ ಹರಕೆ ಪಾಡಿಗೆ ಇರ್ಲಿ ತಾಯಿ. ಹುಡುಗ ನಿದ್ದೆ ಮಾಡ್ತಿಲ್ವಲ್ಲ, ಅದಕ್ಕೆ ಡಾಕ್ಟ್ರ ಹತ್ರ ತೋರ್ಸಿ’ ಅಂದರು. ತನಗೆ ಕಾಯಿಲೆ ಇದೆ ಎಂದು ಅಣ್ಣ ಒಪ್ಪುತ್ತಿರಲಿಲ್ಲ. ನಿದ್ದೆ ಇಲ್ಲ ಎಂದು ಒಪ್ಪುತ್ತಿದ್ದ. ನಿದ್ದೆಗೆಂದು ಹೊರಟೆವು. ಹಾಗೆ ಹೋಗುವುದು ಮೋಸ ಅಲ್ಲವೇ ಎಂದು ಆಗ ಅನ್ನಿಸಿತ್ತು. ಅಲ್ಲ. ಅವನಿಗೆ ಯಾವುದು ಕಷ್ಟವಾಗಿತ್ತೋ ಅದರಿಂದಲೇ ಚಿಕಿತ್ಸೆ ಶುರುವಾಯಿತು, ಅಷ್ಟೆ.

2. ಟೆಲಿಫೋನ್ ಬಿಚ್ಚಿ ತೋರಿಸಬೇಡಿ

ಫ್ಯಾಕ್ಟರಿಯವರು ನಮ್ಮ ಮನೆಯ ಫೋನಿನಲ್ಲಿ ಏನೋ ಕೂರಿಸಿದ್ದಾರೆ, ತಾನು ಯೋಚಿಸುವುದೆಲ್ಲ ಅವರಿಗೆ ಕೇಳಿಸುತ್ತಿದೆ ಎನ್ನುವುದು ಅಣ್ಣನ ನಂಬಿಕೆ. ವಿಜ್ಞಾನದ ವಿದ್ಯಾರ್ಥಿನಿ ಸುಮ್ಮನಿರುತ್ತಾಳೆಯೇ? ಸ್ಕ್ರೂಡ್ರೈವರ್ ತಂದು ಲ್ಯಾಂಡ್‌ಲೈನ್ ಬಿಚ್ಚಿ ನೆಲದ ಮೇಲೆ ಹರಡಿ, ಅವನನ್ನು ಕರೆದು ‘ನೋಡು, ಏನಾದ್ರೂ ಇದ್ಯಾ?’ ಅಂದೆ. ಅಣ್ಣ ಒಂದೊಂದೇ ಬಿಡಿಭಾಗ ಎತ್ತಿ ನೋಡಿದ. ಎಲೆಕ್ಟ್ರಾನಿಕ್ಸ್ ಓದಿದವನು ಅವನು, ನಾನಲ್ಲ. ‘ಅದನ್ನ ತೆಗೆದಿಟ್ಟೇ ನನ್ನ ಕರ್ದಿದೀಯ. ನಿಂಗೆಷ್ಟು ಕೊಟ್ರು?’ ಎಂದ. ಅಲ್ಲಿಂದ ಮುಂದೆ ಬಹಳ ದಿನ ನಾನು ಫ್ಯಾಕ್ಟರಿಯ ಕಡೆಯವಳು.

ಅದು ಕೆಟ್ಟ ಮೇಲೆ ಇನ್ನೊಂದು ತುದಿಗೆ ಹಾರಿದೆ. ‘ಪೊಲೀಸ್ ಕಂಪ್ಲೇಂಟ್ ಕೊಟ್ಟಿದೀನಿ, ಇನ್ನು ಯಾರೂ ಬರಲ್ಲ’ ಎಂದು ಸಮಾಧಾನ ಹೇಳಿದೆ. ಮಾರನೇ ದಿನದಿಂದ ಅವನು ಬೆಳಿಗ್ಗೆ ಎದ್ದ ಕೂಡಲೇ ಕೇಳುತ್ತಿದ್ದುದು ಎಫ್‌ಐಆರ್ ಕಾಪಿ.

ಆಸ್ಪತ್ರೆಯ ಸೋಷಿಯಲ್ ವರ್ಕರ್ ಒಬ್ಬರು ನನ್ನ ಎರಡೂ ಸಾಹಸಗಳನ್ನು ಕೇಳಿ ನಗಲಿಲ್ಲ, ಅದೇ ದೊಡ್ಡದು. ‘ಇದೆ ಅನ್ಬೇಡಿ, ಇಲ್ಲ ಅಂತಲೂ ವಾದ ಮಾಡ್ಬೇಡಿ. ಅವರಿಗೆ ಏನಾಗ್ತಿದೆ ಅದನ್ನ ಕೇಳಿ’ ಅಂದರು. ಫೋನಿನಲ್ಲಿ ಏನೂ ಇಲ್ಲದಿರಬಹುದು. ಅಣ್ಣನ ಎದೆ ಹೊಡೆದುಕೊಳ್ಳುತ್ತಿದ್ದುದಂತೂ ನಿಜ. ‘ನಂಗೆ ಅದು ಕೇಳಿಸ್ತಿಲ್ಲ ಅಣ್ಣ. ಆದ್ರೆ ನಿಂಗೆ ಭಯ ಆಗ್ತಿರೋದು ಕಾಣ್ತಿದೆ. ಜಗುಲಿ ಮೇಲೆ ಕೂತ್ಕೊಳ್ಳೋಣ್ವಾ?’ ಈ ಮಾತು ಬಾಯಿಗೆ ಬರಲು ನನಗೆ ವರ್ಷಗಳು ಬೇಕಾದವು. ಈಗಲೂ ಒಮ್ಮೊಮ್ಮೆ ಸ್ಕ್ರೂಡ್ರೈವರ್ ಕಡೆಗೇ ಕೈ ಹೋಗುತ್ತದೆ.

3. ಸಾರಿನಲ್ಲಿ ಮಾತ್ರೆ

ಬೇರೆ ತಪ್ಪುಗಳನ್ನು ನಗುತ್ತಾ ಹೇಳಬಲ್ಲೆ, ಇದನ್ನು ಆಗುವುದಿಲ್ಲ. ಅಣ್ಣ ಮಾತ್ರೆ ಉಗುಳುತ್ತಿದ್ದ. ನಾನು ಅದನ್ನು ಪುಡಿ ಮಾಡಿ ಸೊಪ್ಪಿನ ಸಾರಿಗೆ ಬೆರೆಸಿದೆ. ಖಾರದಲ್ಲಿ ಕಹಿ ತಿಳಿಯದು ಎಂಬ ಲೆಕ್ಕ. ಅಮ್ಮನಿಗೆ ಅಳುಕಿತ್ತು, ನಾನೇ ಒಪ್ಪಿಸಿದೆ. ಮೊದಮೊದಲು ಎಲ್ಲ ಸರಿಯಿತ್ತು. ನಿದ್ದೆ ಬಂತು, ಸಿಟ್ಟು ಇಳಿಯಿತು. ಒಂದು ದಿನ ತಟ್ಟೆಯ ಅಂಚಿನಲ್ಲಿ ಬಿಳಿ ಪುಡಿ ಅವನ ಕಣ್ಣಿಗೆ ಬಿತ್ತು.

ಊಟದಲ್ಲಿ ಏನೋ ಹಾಕುತ್ತಾರೆ ಎಂಬ ಅನುಮಾನ ಅವನಿಗೆ ಮೊದಲೇ ಇತ್ತು. ಅವನ ಅಷ್ಟೂ ಭ್ರಮೆಗಳಲ್ಲಿ ಅದೊಂದು ನಿಜವಾಯಿತು. ನಿಜ ಮಾಡಿದವಳು ನಾನು. ಮನೆಯ ಊಟ ಬಿಟ್ಟ. ತಾನೇ ಕೊಚ್ಚಿದ ಎಳನೀರು, ತಾನೇ ಸುಲಿದ ಬಾಳೆಹಣ್ಣು, ಅಂಗಡಿಯಿಂದ ತಾನೇ ತಂದ ಬಿಸ್ಕತ್ ಪೊಟ್ಟಣ, ಇಷ್ಟೇ. ಅಮ್ಮ ಅವನೆದುರಿಗೆ ಅದೇ ಮುದ್ದೆಯಿಂದ ಮೊದಲ ತುತ್ತು ಮುರಿದು ನುಂಗಿ ತೋರಿಸುತ್ತಿದ್ದಳು. ಆದರೂ ಮುಟ್ಟುತ್ತಿರಲಿಲ್ಲ. ಕಾಯಿಲೆ ಹೋಗಲಿ, ಮಗ ತನ್ನ ಕೈಯ ಊಟ ಬಿಟ್ಟನಲ್ಲ ಎಂಬ ದುಃಖವೇ ಅಮ್ಮನಿಗೆ ಹೆಚ್ಚಾಯಿತು. ಆ ದುಃಖ ತಂದುಕೊಟ್ಟವಳನ್ನು ಅವಳು ಒಂದು ಮಾತೂ ಬೈಯಲಿಲ್ಲ.

ಮಾತ್ರೆ ಯಾಕೆ ಉಗುಳುತ್ತೀಯ ಎಂದು ನಾವು ಯಾರೂ ಕೇಳಿರಲೇ ಇಲ್ಲ. ‘ಹಟ’ ಎಂದು ತೀರ್ಮಾನವಾಗಿತ್ತು. ಆಮೇಲೆ ಕೇಳಿದಾಗ ಗೊತ್ತಾದದ್ದು: ಕೈ ನಡುಗುತ್ತಿತ್ತು, ದವಡೆ ಬಿಗಿಯುತ್ತಿತ್ತು, ಎಲ್ಲಕ್ಕಿಂತ ಕಷ್ಟದ್ದು ಕೂತರೆ ಕೂರಲಾಗದ, ನಿಂತರೆ ನಿಲ್ಲಲಾಗದ ಚಡಪಡಿಕೆ. ಅವನು ಹಜಾರದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದುದನ್ನು ನಾವು ಕಾಯಿಲೆಯ ಲೆಕ್ಕಕ್ಕೆ ಬರೆದಿದ್ದೆವು. ಅದು ಮಾತ್ರೆಯದು. ಡೋಸು ಇಳಿಸಬಹುದು, ಔಷಧಿ ಬದಲಿಸಬಹುದು, ನಡುಕಕ್ಕೆ ಬೇರೆ ಮಾತ್ರೆ ಕೊಡಬಹುದು, ದಿನದ ಮಾತ್ರೆ ಬೇಡವೆಂದರೆ ವಾರಗಟ್ಟಲೆ ಕೆಲಸ ಮಾಡುವ ಇಂಜೆಕ್ಷನ್ ಇದೆ. ಇವೆಲ್ಲ ಡಾಕ್ಟರ ಮುಂದೆ ಅವನೇ ಬಾಯಿಬಿಟ್ಟು ಹೇಳಿದ ಮೇಲೆ ತೆರೆದುಕೊಂಡ ದಾರಿಗಳು. ಅಲ್ಲಿಯವರೆಗೆ ಡಾಕ್ಟರ ಜೊತೆ ಮಾತಾಡುತ್ತಿದ್ದುದು ನಾನು. ಅಣ್ಣ ಪಕ್ಕದ ಸ್ಟೂಲಿನಲ್ಲಿ ಕೂತಿರುತ್ತಿದ್ದ.

4. ಬೀಡಿ ಬಿಡಿಸಿ ಬೀಗಿದ್ದು

ಎರಡು ಬಗೆಯ ಔಷಧಿ ಸರಿಯಾಗಿ ಕೊಟ್ಟರೂ ಅಣ್ಣನಿಗೆ ಕೇಳಿಸುತ್ತಿದ್ದ ಧ್ವನಿಗಳು ನಿಲ್ಲದಿದ್ದಾಗ ಕ್ಲೋಜಪಿನ್ ಶುರುಮಾಡಿದರು. ಅದು ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುವ ಸಾಧ್ಯತೆ ಇರುವುದರಿಂದ ಮೊದಲ 18 ವಾರ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ರಕ್ತಪರೀಕ್ಷೆ ಆಗಬೇಕಿತ್ತು. ಅಣ್ಣ ಈ ಲೆಕ್ಕವನ್ನು ಡೈರಿಯಲ್ಲಿ ಕ್ರಿಕೆಟ್ ಸ್ಕೋರಿನಂತೆ ಬರೆದಿಡುತ್ತಿದ್ದ. ಧ್ವನಿಗಳು ದೂರವಾದವು. ಕ್ರಮೇಣ ಅಮ್ಮನ ಕೈಯ ಊಟವೂ ಹೊಟ್ಟೆಗೆ ಇಳಿಯತೊಡಗಿತು.

ಇಷ್ಟಾದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ಬೀಡಿ ಬಿಡಿಸುವ ಅಭಿಯಾನ ಹೂಡಿದೆ. ಅಂಗಡಿಯವರಿಗೆ ಕೊಡಬೇಡಿ ಅಂದೆ, ಶ್ವಾಸಕೋಶದ ಚಾರ್ಟ್ ಗೋಡೆಗೆ ಅಂಟಿಸಿದೆ. ಆಶ್ಚರ್ಯವೆಂದರೆ ಅಣ್ಣ ಬಿಟ್ಟೇಬಿಟ್ಟ. ಅಮ್ಮನ ಹತ್ತಿರ ಬಹಳ ಬೀಗಿದೆ. ಸ್ವಲ್ಪ ದಿನದಲ್ಲಿ ಅವನು ಕೂತಲ್ಲೇ ತೂಕಡಿಸತೊಡಗಿದ. ಜೊಲ್ಲು ಸುರಿಯುತ್ತಿತ್ತು, ನಡೆದರೆ ತೂರಾಡುತ್ತಿದ್ದ, ಮಲ ಕಟ್ಟಿ ಹೊಟ್ಟೆ ಉಬ್ಬಿತು. ಕಾಯಿಲೆ ಮರುಕಳಿಸಿತು ಎಂದು ಹೆದರಿ ಓಡಿದರೆ ಡಾಕ್ಟರ ಮೊದಲ ಪ್ರಶ್ನೆ: ‘ಬೀಡಿ ಬಿಟ್ರಾ?’

ತಂಬಾಕಿನ ಹೊಗೆ, ಯಕೃತ್ತಿನಲ್ಲಿ ಕ್ಲೋಜಪಿನ್ ಅನ್ನು ಒಡೆಯುವ ಕಿಣ್ವವನ್ನು ಚುರುಕುಗೊಳಿಸುತ್ತದೆ. ಹೊಗೆ ನಿಂತರೆ ಕಿಣ್ವ ನಿಧಾನವಾಗುತ್ತದೆ, ಅದೇ ಡೋಸಿಗೆ ರಕ್ತದಲ್ಲಿ ಔಷಧಿಯ ಮಟ್ಟ ಏರುತ್ತದೆ. ಬೀಡಿ ಬಿಡುವುದು ಒಳ್ಳೆಯದೇ. ಬಿಡುವ ಮೊದಲು ಡಾಕ್ಟರಿಗೆ ಹೇಳಿ ಡೋಸು ಸರಿಪಡಿಸಿಕೊಳ್ಳಬೇಕಿತ್ತು. ಈ ಔಷಧಿಯಲ್ಲಿ ಮಲಬದ್ಧತೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ ಎಂದೂ ಅವತ್ತೇ ಕಲಿತೆ. ಕಿಣ್ವಗಳ ಪಾಠವನ್ನು ನಾನು ಪ್ರತಿವರ್ಷ ಮಕ್ಕಳಿಗೆ ಮಾಡುತ್ತೇನೆ. ಹೇಳಿಕೊಳ್ಳಲು ನಾಚಿಕೆ.

5. ನನ್ನ ಮದುವೆಗೆ ಅಣ್ಣನನ್ನು ಬಚ್ಚಿಟ್ಟೆವು

ಮೊದಲ ವರ್ಷಗಳಲ್ಲಿ ನೆಂಟರೆಲ್ಲರ ಸಲಹೆ ಒಂದೇ: ‘ಒಂದು ಮದ್ವೆ ಮಾಡ್ಬಿಡಿ, ಸರಿಹೋಗ್ತಾನೆ.’ ಅದು ನಡೆಯದೆ ಹೋದದ್ದು ನಮ್ಮ ವಿವೇಕದಿಂದಲ್ಲ, ಹೆಣ್ಣು ಸಿಗಲಿಲ್ಲ. ಸಿಕ್ಕಿದ್ದರೆ ಇನ್ನೊಂದು ಮನೆಯ ಹುಡುಗಿಗೆ ಏನೂ ಹೇಳದೆ ತಂದು ಕೂರಿಸುತ್ತಿದ್ದೆವು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಯಾಕೆಂದರೆ ನನ್ನ ಮದುವೆಯಲ್ಲಿ ಅದನ್ನೇ ಮಾಡಿದೆವು.

ಗಂಡಿನ ಕಡೆಯವರು ನೋಡಲು ಬರುವ ದಿನ, ಅರಸೀಕೆರೆಯ ಅತ್ತೆಯ ಮನೆಯ ಮೋಟರು ಕೆಟ್ಟಿದೆ ಎಂದು ಸುಳ್ಳು ಹೇಳಿ ಅಣ್ಣನನ್ನು ಕಳಿಸಿದೆವು. ಟೂಲ್ ಬ್ಯಾಗ್ ಹಿಡಿದು ಹೋದ. ಮೋಟರು ಚೆನ್ನಾಗಿ ಓಡುತ್ತಿತ್ತು. ಒಂದು ಮಾತೂ ಕೇಳದೆ ಸಂಜೆಯ ಟ್ರೈನಿಗೆ ವಾಪಸ್ಸು ಬಂದ. ಮದುವೆಯಲ್ಲಿ ಅಣ್ಣ ನಿಂತು ಮಾಡಬೇಕಾದ ಶಾಸ್ತ್ರಕ್ಕೆ ದೊಡ್ಡಪ್ಪನ ಮಗ ನಿಂತ. ‘ಸ್ವಂತ ಅಣ್ಣನಿಗೆ ರಜೆ ಸಿಗಲಿಲ್ಲವಂತೆ’ ಎಂದು ಛತ್ರದಲ್ಲಿ ಹೇಳಿದೆವು.

ಯಜಮಾನರಿಗೆ ವಿಷಯ ತಿಳಿದದ್ದು ನನ್ನಿಂದಲ್ಲ. ಆಷಾಢಕ್ಕೆ ತವರಿಗೆ ಬಂದಿದ್ದ ನನ್ನನ್ನು ಕರೆದೊಯ್ಯಲು ಬಂದಾಗ, ಬಸ್‌ಸ್ಟಾಂಡಿನ ಅಂಗಡಿಯಲ್ಲಿ ಯಾರೋ ‘ಆ ತಲೆ ಕೆಟ್ಟಿರೋ ಹುಡುಗನ ಮನೆ ಅಳಿಯಂದಿರಾ?’ ಎಂದು ಕೇಳಿದ್ದರು. ಅವರಿಗೆ ಸಿಟ್ಟು ಬಂದದ್ದು ಕಾಯಿಲೆಗಲ್ಲ, ಮುಚ್ಚಿಟ್ಟಿದ್ದಕ್ಕೆ. ‘ಮೊದ್ಲೇ ಹೇಳಿದ್ರೆ ಒಪ್ಕೋತಿದ್ರಾ?’ ಎಂದು ನಾನೂ ಎದುರು ಕೇಳಿದೆ. ‘ಗೊತ್ತಿಲ್ಲ’ ಅಂದರು. ಆ ಉತ್ತರಕ್ಕೆ ಈಗ ಬೆಲೆ ಕೊಡುತ್ತೇನೆ, ಆಗ ಎರಡು ಹೊತ್ತು ಊಟ ಬಿಟ್ಟಿದ್ದೆ.

ಹೇಳಿಬಿಡಿ, ಎಲ್ಲ ಒಳ್ಳೆಯದಾಗುತ್ತದೆ ಎಂದು ಯಾರಿಗೂ ಭರವಸೆ ಕೊಡಲಾರೆ. ಸಂಬಂಧ ಮುರಿದ ಮನೆಗಳನ್ನೂ ನೋಡಿದ್ದೇನೆ. ಆದರೆ ನಮ್ಮ ಗುಟ್ಟಿನ ಖರ್ಚನ್ನೆಲ್ಲ ಕೊಟ್ಟವನು ಅಣ್ಣ. ಅರಸೀಕೆರೆಯ ಪ್ಲಾಟ್‌ಫಾರಂನಲ್ಲಿ ಅವನು ಏನು ಯೋಚಿಸುತ್ತಿದ್ದ ಎಂದು ನಾನು ಇವತ್ತಿಗೂ ಕೇಳಿಲ್ಲ.

6. ತಂಗಿ ಬಂದರೆ ಇನ್‌ಸ್ಪೆಕ್ಷನ್

‘ಸ್ನಾನ ಆಯ್ತಾ? ಮಾತ್ರೆ ತಗೊಂಡ್ಯಾ? ಮೊನ್ನೆಯೂ ಇದೇ ಶರ್ಟ್ ಅಲ್ವಾ?’ ತಿಂಗಳಿಗೊಮ್ಮೆ ಊರಿಗೆ ಹೋದಾಗ ಚಪ್ಪಲಿ ಬಿಡುವ ಮೊದಲೇ ನನ್ನ ಪ್ರಶ್ನೆಗಳು ಒಳಗೆ ಹೋಗಿರುತ್ತಿದ್ದವು. ಒಮ್ಮೆ ಅಣ್ಣ ಅಮ್ಮನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: ‘ಇವಳು ಬರೋದು ಅಂದ್ರೆ ಬಿಇಓ ಸ್ಕೂಲಿಗೆ ಬಂದ ಹಾಗೆ.’ ಬಿಇಓ ಬಂದರೆ ಶಾಲೆಯಲ್ಲಿ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಲ್ಲರೂ ನಟಿಸುತ್ತಾರೆ, ಗಾಡಿ ಹೊರಟ ಮೇಲೆ ಉಸಿರು ಬಿಡುತ್ತಾರೆ.

ಲಂಡನ್ನಿನಲ್ಲಿ ಸಂಶೋಧಕ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು, ಮನೋರೋಗದ ಆಸ್ಪತ್ರೆಯಿಂದ ಬಿಡುಗಡೆಯಾದ ಗಂಡಸರು ಮುಂದೆ ಹೇಗಿದ್ದಾರೆ ಎಂದು ಹಿಂಬಾಲಿಸಿ ನೋಡಿ 1958ರಲ್ಲಿ ಪ್ರಕಟಿಸಿದರು. ತಂದೆತಾಯಿ ಅಥವಾ ಹೆಂಡತಿಯ ಬಳಿಗೆ ಹೋದವರಿಗಿಂತ, ಬಾಡಿಗೆ ಕೋಣೆಗೋ ಅಣ್ಣತಮ್ಮ ಅಕ್ಕತಂಗಿಯರ ಮನೆಗೋ ಹೋದವರು ಹೆಚ್ಚು ಚೆನ್ನಾಗಿದ್ದರು. ಯಾಕೆ ಎಂದು ಮುಂದೆ ಹುಡುಕಿದಾಗ ಸಿಕ್ಕಿದ್ದು ಮನೆಯ ಮಾತಿನ ಧಾಟಿ: ಸದಾ ಟೀಕೆ, ಹಗೆ, ಇಲ್ಲವೇ ಉಸಿರುಗಟ್ಟಿಸುವಷ್ಟು ಕಾಳಜಿ. ಇವು ಜಾಸ್ತಿ ಇರುವ ಮನೆಗಳಲ್ಲಿ ಕಾಯಿಲೆ ಹೆಚ್ಚು ಮರುಕಳಿಸುತ್ತದೆ. ಒಡಹುಟ್ಟಿದವರು ಕಾಯಿಲೆಯವರಿಗೆ ಹಗುರ ಎಂದು ಓದಿ ಹಿಗ್ಗಿದೆ; ನಾನು ತಂಗಿಯ ಕೆಲಸ ಬಿಟ್ಟು ಎರಡನೇ ಅಮ್ಮನ ಕೆಲಸ ಹಿಡಿದಿದ್ದೇನಲ್ಲ ಎಂದು ಹೊಳೆದು ಕುಗ್ಗಿದೆ. 1980ರ ದಶಕದಲ್ಲಿ ಚಂಡೀಗಢದಲ್ಲಿ ನೋಡಿದಾಗ ಭಾರತದ ಮನೆಗಳಲ್ಲಿ ಇಂಥ ಟೀಕೆ ಲಂಡನ್ನಿಗಿಂತ ಕಡಿಮೆ ಕಂಡಿತಂತೆ. ನಮ್ಮ ಮನೆ ಆ ಸರಾಸರಿಯನ್ನು ಕೆಡಿಸುವಂಥದ್ದು.

ಹಾಗೆ ನೋಡಿದರೆ ಲಂಡನ್ನಿನವರೆಗೆ ಹೋಗಬೇಕಾಗಿರಲಿಲ್ಲ, ತ್ರಿವೇಣಿಯವರ ಕಾದಂಬರಿ ಸಾಕಿತ್ತು. ‘ಶರಪಂಜರ’ದ ಕಾವೇರಿ ಗುಣವಾಗಿಯೇ ಮನೆಗೆ ಬರುತ್ತಾಳೆ, ಅವಳನ್ನು ಮತ್ತೆ ಬೀಳಿಸುವುದು ಮನೆಯವರ, ಬೀದಿಯವರ ಅನುಮಾನದ ಕಣ್ಣು. ಅದನ್ನು ಆಧರಿಸಿದ ಪುಟ್ಟಣ್ಣನವರ ಸಿನಿಮಾ ನೋಡಿ ಕಲ್ಪನಾಗಾಗಿ ಅತ್ತವಳು ನಾನು. ಅಳು ಮುಗಿಸಿ ಊರಿಗೆ ಹೋಗಿ ಅಣ್ಣನ ಶರ್ಟಿನ ಕಾಲರ್ ಪರೀಕ್ಷೆ ಮಾಡುತ್ತಿದ್ದವಳೂ ನಾನೇ.

ಈಗ ಊರಿಗೆ ಹೋದರೆ ಮೊದಲು ಕೊಬ್ಬರಿ ರೇಟು, ಕ್ರಿಕೆಟ್ಟು, ಯಾರ ಮನೆಯ ಎಮ್ಮೆ ಕರು ಹಾಕಿತು. ಸ್ನಾನದ ಸುದ್ದಿ ಎತ್ತುವುದಿಲ್ಲ. ಧ್ವನಿಗಳು ಔಷಧಿಗೆ ಬಗ್ಗಿದಷ್ಟು ಸುಲಭವಾಗಿ ಸ್ನಾನವೂ ಬೇಡವೆನ್ನಿಸುವ ಈ ಮಂಕು, ಈ ನಿರುತ್ಸಾಹ ಬಗ್ಗುವುದಿಲ್ಲ. ಇದೂ ಕಾಯಿಲೆಯೇ. ಅಪ್ಪ ಕೊನೆಯವರೆಗೂ ಅದನ್ನು ಸೋಮಾರಿತನ ಎಂದೇ ಕರೆದು ಹೋದರು.

7. ‘ನನಗೂ ಬಂದರೆ?’ ಎಂಬುದನ್ನು ಯಾರಾದರೊಬ್ಬರ ಹತ್ತಿರ ಹೇಳಿಕೊಳ್ಳಿ

ಅಣ್ಣ ಕಾಯಿಲೆ ಬಿದ್ದ ವಯಸ್ಸನ್ನು ನಾನು ದಾಟುವವರೆಗೂ ರಾತ್ರಿ ನಿದ್ದೆ ಕೆಟ್ಟರೆ ಸಾಕು, ಶುರುವಾಯಿತು ಎಂದು ಬೆವರುತ್ತಿದ್ದೆ. ಪಕ್ಕದ ಮನೆಯ ರೇಡಿಯೊ ಕೇಳಿಸಿದರೆ, ‘ನಿಂಗೂ ಕೇಳಿಸ್ತಿದ್ಯಾ?’ ಎಂದು ಅಮ್ಮನನ್ನು ಪರೀಕ್ಷಿಸುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಕಾಯಿಲೆಯವನು ಅವನು, ನನ್ನ ಭಯಕ್ಕೆ ಮನೆಯಲ್ಲಿ ಜಾಗ ಎಲ್ಲಿ?

ಬೆಂಗಳೂರಿನಲ್ಲಿ ಒಮ್ಮೆ ಇಂಥ ಕುಟುಂಬಗಳವರು ಸೇರುವ ಸಭೆಗೆ ಹೋಗಿದ್ದೆ. ಅಲ್ಲಿ ನನ್ನ ಹಾಗೇ ಒಬ್ಬ ತಮ್ಮ, ಇಬ್ಬರು ಅಕ್ಕಂದಿರು ಸಿಕ್ಕರು. ಒಬ್ಬರು ಬಾಯಿ ತೆರೆದದ್ದೇ ತಡ, ಎಲ್ಲರ ಹೊಟ್ಟೆಯಲ್ಲೂ ಇದ್ದುದು ಇದೇ ಪ್ರಶ್ನೆ. ಲೆಕ್ಕ ಹೀಗಿದೆ: ಜನಸಾಮಾನ್ಯರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಬರುವ ಕಾಯಿಲೆ ಇದು, ಒಡಹುಟ್ಟಿದವರಿಗಿದ್ದರೆ ಆ ಸಾಧ್ಯತೆ ನೂರಕ್ಕೆ ಒಂಬತ್ತರ ಆಸುಪಾಸು. ವಂಶವಾಹಿಯೆಲ್ಲ ಒಂದೇ ಆಗಿರುವ ಅವಳಿಗಳಲ್ಲೂ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬರುವುದು ಹೆಚ್ಚೆಂದರೆ ಅರ್ಧದಷ್ಟು ಸಲ. ಒಂಬತ್ತು ಎಂದರೆ ಉಳಿದ ತೊಂಬತ್ತೊಂದು ಮಂದಿಗೆ ಬರುವುದಿಲ್ಲ ಎಂದು ನನ್ನ ಪಕ್ಕದಲ್ಲಿ ಕೂತಿದ್ದ ಅಕ್ಕ ಹೇಳಿದರು. ಗಣಿತ ನನಗೂ ಬರುತ್ತದೆ, ಆದರೂ ಯಾರಾದರೂ ಹೇಳಬೇಕಿತ್ತು.

8. ಕೇಳಬೇಕಾದ್ದನ್ನು ನೇರವಾಗಿ ಕೇಳಿ

‘ಸಾಯ್ಬೇಕು ಅನ್ನಿಸ್ತಿದ್ಯಾ?’ ಎಂದು ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂದು ಹೆದರಿ ಒಂದು ಕೆಟ್ಟ ಮಳೆಗಾಲವಿಡೀ ಬಾವಿಗೆ ಮುಚ್ಚಳ, ಹಗ್ಗಕ್ಕೆ ಬೀಗ ಎಂದು ಓಡಾಡಿದೆ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೊನೆಗೆ ಕೇಳಿದಾಗ ‘ಹೂಂ’ ಅಂದ; ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದನಂತೆ. ಅವತ್ತೇ ಆಸ್ಪತ್ರೆಗೆ ಹೋದೆವು. ಬಾವಿಯ ಮುಚ್ಚಳ ವ್ಯರ್ಥವೇನಲ್ಲ, ಅದೂ ಇರಬೇಕು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ನಮ್ಮ ಮನೆಯಲ್ಲಿ ಅದು ಕ್ಯಾಲೆಂಡರಿನ ಪಕ್ಕದಲ್ಲೇ ಬರೆದಿದೆ. ಒಮ್ಮೆ ಫೋನ್ ಮಾಡಿದ್ದು ಅಣ್ಣನಲ್ಲ, ಅಮ್ಮ, ತನಗಾಗಿ.

9. ಅವನು ಆರಿಸಿದ್ದು ನನ್ನನ್ನಲ್ಲ

ಚೆನ್ನಾಗಿದ್ದಾನೆ ಎಂಬ ಖುಷಿಯಲ್ಲಿ ಮಾತ್ರೆ ಕಡಿಮೆಯಾಗುತ್ತಾ ನಿಂತೇಹೋಗಿ, ಕಾಯಿಲೆ ತಿರುಗಿ ಬಂದದ್ದೂ ಉಂಟು. ಎಲ್ಲ ಮನೆಗಳ ಕಥೆ ಅದು, ಬೆಳೆಸುವುದಿಲ್ಲ. ಅದಾದ ಮೇಲೆ, ಅವನು ಸಮಾಧಾನವಾಗಿದ್ದ ಒಂದು ಮಧ್ಯಾಹ್ನ, ಮರುಕಳಿಸುವ ಮೊದಲು ಏನೇನಾಗುತ್ತದೆ ಎಂದು ಬರೆದಿಡೋಣ ಅಂದೆ. ನನ್ನ ಪಟ್ಟಿಯಲ್ಲಿ ಸಿಟ್ಟು, ಕೂಗಾಟ, ಊಟ ಬಿಡುವುದು ಇದ್ದವು. ಅವನು ಬರೆದದ್ದೇ ಬೇರೆ: ಬೆಳಗಿನ ಜಾವ ಮೂರಕ್ಕೆ ಎಚ್ಚರ, ರೇಡಿಯೊ ಹಾಕಬೇಕು ಅನ್ನಿಸದಿರುವುದು, ಕಿಟಕಿಯ ಸಂದಿಗೆ ಪೇಪರ್ ತುರುಕುವುದು. ನನ್ನ ಲಕ್ಷಣಗಳು ಕಾಣುವ ಹೊತ್ತಿಗೆ ಅವನ ಲಕ್ಷಣಗಳು ಕಾಣಿಸಿ ಬಹಳ ದಿನವಾಗಿರುತ್ತಿತ್ತು. ಈಗ ಅವನ ಪಟ್ಟಿಯೇ ಚಾಲ್ತಿಯಲ್ಲಿದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಮುಂದೆ ತನಗೆ ತೀರ್ಮಾನ ಮಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ವ್ಯಕ್ತಿ ಮೊದಲೇ ಬರೆದಿಡಬಹುದು. ತನ್ನ ಪರವಾಗಿ ಮಾತಾಡಲು ಒಬ್ಬರನ್ನು ಹೆಸರಿಸಬಹುದು. ನಾನೇ ವಿಷಯ ಓದಿ, ಕಾಗದ ತಂದು, ಪೆನ್ನು ಕೈಗಿಟ್ಟೆ. ಅಣ್ಣ ಬರೆದದ್ದು ಡಿಪ್ಲೊಮಾದಲ್ಲಿ ಜೊತೆಗಿದ್ದ ಗೆಳೆಯನ ಹೆಸರು. ಇಷ್ಟೆಲ್ಲ ಓಡಾಡಿದವಳು ನಾನು! ‘ಯಾಕಣ್ಣ?’ ಅಂದರೆ, ‘ನೀನು ಅಳ್ತೀಯ. ಅವನು ಕೇಳಿಸ್ಕೋತಾನೆ’ ಅಂದ. ಕೆಲವು ದಿನ ಮುನಿಸಿಕೊಂಡಿದ್ದೆ. ಆಮೇಲಿನ ಸಲ ಆಸ್ಪತ್ರೆಗೆ ಸೇರಿಸಬೇಕಾದಾಗ ಆ ಗೆಳೆಯರೇ ಬಂದರು. ಗಲಾಟೆಯಿಲ್ಲದೆ ಕೆಲಸ ಮುಗಿಯಿತು. ನಾನು ಕಾರಿಡಾರಿನಲ್ಲಿ ಕೂತು ಅತ್ತೆ.

10. ಕೆಲಸ ಕೊಡಿಸಲು ಹೋಗಿ

ಗುಣವಾಗುವುದು ಎಂದರೆ ಮತ್ತೆ ಪೀಣ್ಯದ ಹಾಗೆ ಬೆಳಿಗ್ಗೆ ಎಂಟಕ್ಕೆ ಕಾರ್ಡ್ ಪಂಚ್ ಮಾಡುವುದು ಎಂದು ನಾನು ತಿಳಿದಿದ್ದೆ. ಪರಿಚಯದವರೊಬ್ಬರ ಮೊಬೈಲ್ ರಿಪೇರಿ ಅಂಗಡಿಗೆ ಸೇರಿಸಿದೆ. ಕಾಯಿಲೆಯ ವಿಷಯ ಅವರಿಗೆ ಹೇಳಲಿಲ್ಲ (ಐದನೇ ಪಾಠ ಇನ್ನೂ ಮೈಗೆ ಹತ್ತಿರಲಿಲ್ಲ). ಬೆಳಗಿನ ಹೊತ್ತು ಔಷಧಿಯ ಮಂಪರು, ಗಿರಾಕಿಗಳ ಗದ್ದಲ, ದಿನವಿಡೀ ಕಿವಿಯ ಹತ್ತಿರ ಫೋನು. ಒಂದು ಕಾಲದಲ್ಲಿ ಫೋನಿಗೇ ಹೆದರಿದ್ದವನನ್ನು ಫೋನಿನ ಅಂಗಡಿಗೆ ಸೇರಿಸಿದ್ದೆ! ವಾರ ತುಂಬುವ ಮೊದಲೇ ಮನೆಗೆ ಬಂದ. ಆಮೇಲೆ ಬಹಳ ದಿನ ಯಾವ ಸ್ಕ್ರೂಡ್ರೈವರನ್ನೂ ಮುಟ್ಟಲಿಲ್ಲ.

ಅವನು ಮತ್ತೆ ಶುರುಮಾಡಿದ್ದು ನನ್ನಿಂದಲ್ಲ. ಪಕ್ಕದ ತೋಟದವರ ಪಂಪ್‌ಸೆಟ್ ನಿಂತಿತ್ತು. ಸ್ಟಾರ್ಟರ್ ಸುಟ್ಟಿದೆ ಎಂದು ಅವರು ಹೊಸದು ತರಲು ಹೊರಟಿದ್ದರು. ಅಣ್ಣ ಹೋಗಿ ನೋಡಿ, ಸುಟ್ಟಿಲ್ಲ, ಓವರ್‌ಲೋಡ್ ರಿಲೇ ಟ್ರಿಪ್ ಆಗಿದೆ ಅಂದ. (ನಾನು ತಪ್ಪು ಬರೆದಿದ್ದು ಇಲ್ಲೇ.) ಆಮೇಲೆ ಒಂದೊಂದೇ ಮಿಕ್ಸಿ ಬಂದವು. ಹನ್ನೊಂದು ಗಂಟೆಗೆ ಮೊದಲು ಕೆಲಸ ಮುಟ್ಟುವುದಿಲ್ಲ, ಜನ ಜಾಸ್ತಿಯಾದರೆ ಒಳಗೆ ಹೋಗಿಬಿಡುತ್ತಾನೆ, ಕೆಲವು ವಾರ ಏನೂ ಮಾಡುವುದಿಲ್ಲ. ಉಂಡೆ ಕೊಬ್ಬರಿಗೆ ಅಟ್ಟಕ್ಕೆ ಹಾಕಿದ ಕಾಯಿಯ ಲೆಕ್ಕ ಮಾತ್ರ ತಪ್ಪದೆ ಬರೆಯುತ್ತಾನೆ. ಈ ಆದಾಯದಿಂದ ಬದುಕಬಹುದೇ ಎಂದು ಕೇಳಿದರೆ, ಇಲ್ಲ. ತೋಟ ಇರುವುದರಿಂದ ನಡೆಯುತ್ತಿದೆ. ತೋಟವಿಲ್ಲದ ಮನೆಗಳ ಮುಂದೆ ಈ ಪಾಠವನ್ನು ಜೋರಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ.

11. ಒಂದು ಫೈಲು ಇಡಿ

ಚೀಟಿ, ರಕ್ತಪರೀಕ್ಷೆ, ಡಿಸ್‌ಚಾರ್ಜ್ ಸಮ್ಮರಿ ಎಲ್ಲವೂ ಒಂದೇ ಕಡೆ ಇರಲಿ. ನಾವು ಅರ್ಧ ಕಳೆದಿದ್ದೆವು, ಪ್ರತಿ ಹೊಸ ಡಾಕ್ಟರಿಗೂ ಕಥೆ ಮೊದಲಿನಿಂದ. ದೂರದ ದೊಡ್ಡಾಸ್ಪತ್ರೆಗೇ ಹೋಗಬೇಕು ಎಂದು ಬಹಳ ವರ್ಷ ತಿಳಿದಿದ್ದೆವು. ಹಾಗೇನಿಲ್ಲ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಮಾದರಿಯಿಂದಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು. ಈಗ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ಕ್ಲಿನಿಕ್ಕು ತಾಲ್ಲೂಕು ಆಸ್ಪತ್ರೆಗೇ ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮನೋರೋಗವೂ ಸೇರಿದೆ. ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತುಕತೆ ಮತ್ತು ಗ್ರಹಿಕೆ, ಕೆಲಸ, ಈ ನಾಲ್ಕನ್ನು ಅಳೆದು ಪ್ರಮಾಣ ಹೇಳುತ್ತಾರೆ, ಶೇ. 40 ಅಥವಾ ಹೆಚ್ಚಿದ್ದರೆ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿನಿಂದ ಸೌಲಭ್ಯಗಳು ಸಿಗುತ್ತವೆ. ನಮ್ಮನ್ನು ಅವಲಂಬಿಸಿದ ಅಣ್ಣತಮ್ಮಂದಿರ ಖರ್ಚಿಗೆ ಹಳೆಯ ಪದ್ಧತಿಯ ಆದಾಯ ತೆರಿಗೆಯಲ್ಲಿ ವಿನಾಯಿತಿಯೂ ಇದೆ. ಕಾರ್ಡ್ ಮಾಡಿಸೋಣ ಅಂದಾಗ ಅಣ್ಣ ಬೇಡ ಅಂದ. ಬಹಳ ಒತ್ತಾಯ ಮಾಡಿದೆ, ಆಮೇಲೆ ಬಿಟ್ಟೆ. ಈಚೆಗೆ ತಾನೇ, ‘ಅದೇನೋ ಕಾರ್ಡ್ ಅಂದಿದ್ಯಲ್ಲ?’ ಎಂದು ಕೇಳಿದ್ದಾನೆ.

12. ‘ಅಮ್ಮನ ನಂತರ’ದ ಮಾತನ್ನು ಅವನನ್ನು ಬಿಟ್ಟು ಆಡಬೇಡಿ

ಅಮ್ಮನಿಗೆ ಎಪ್ಪತ್ತು ಆಗಿದೆ. ಅವಳಾದ ಮೇಲೆ ಅಣ್ಣನನ್ನು ತುಮಕೂರಿಗೆ ಕರೆತರುವುದು ಎಂದು ನಾನು, ಯಜಮಾನರು, ಅಮ್ಮ ಮೂವರೂ ಕೂತು ತೀರ್ಮಾನಿಸಿದ್ದೆವು. ಮೇಲಿನ ಕೋಣೆಗೆ ಬಣ್ಣವನ್ನೂ ಬಳಿಸಿದೆ. ಅಣ್ಣನಿಗೆ ಹೇಳಿದಾಗ, ‘ನಿಮ್ಮನೇಲಿ ಯಾರಿಗೂ ಮಾತಾಡೋಕೆ ಟೈಮಿರಲ್ಲ. ಇಲ್ಲಿ ತೋಟ ಯಾರು ನೋಡ್ತಾರೆ?’ ಅಂದ. ಎರಡು ಮಾತಿಗೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರತಿಸಲದ ಹಾಗೆ ಯೋಜನೆ ಮೊದಲು ಮಾಡಿ, ಕೇಳಿದ್ದು ಕೊನೆಗೆ.

ಈಗ ಪ್ರಯೋಗ ನಡೆಯುತ್ತಿದೆ. ದಸರಾ ರಜೆಯಲ್ಲಿ ಅಮ್ಮ ಒಂದು ವಾರ ನಮ್ಮ ಮನೆಗೆ ಬಂದಿದ್ದಳು, ಅಣ್ಣ ಒಬ್ಬನೇ ಊರಲ್ಲಿದ್ದ. ಒಂದು ಬೀಗದ ಕೈ ಪಕ್ಕದ ತೋಟದವರ ಹತ್ತಿರ, ಸಂಜೆ ಒಂದು ಫೋನು, ಮಾತ್ರೆಯ ಡಬ್ಬಿಗೆ ದಿನದ ಹೆಸರು. ಅನ್ನ ಒಂದು ದಿನ ಸೀದುಹೋಯಿತಂತೆ, ಎರಡು ದಿನ ಅವಲಕ್ಕಿ ಮಾಡಿಕೊಂಡನಂತೆ. ಮುದ್ದೆ ತಿರುವಲು ಕಲಿಸು ಎಂದು ಅಮ್ಮನಿಗೆ ಫೋನಿನಲ್ಲೇ ಕೇಳಿದ. ಮುಂದಿನ ಸಲ ಹದಿನೈದು ದಿನ ಒಬ್ಬನೇ ಇರುತ್ತೇನೆ ಅನ್ನುತ್ತಿದ್ದಾನೆ. ಅಮ್ಮ ಇನ್ನೂ ಒಪ್ಪಿಲ್ಲ. ನಾನು ಯಾರ ಕಡೆ ಎಂದು ಇಬ್ಬರೂ ಕೇಳುತ್ತಿದ್ದಾರೆ.